ರೆಕ್ಕೆಯ ಮೇಲೆ ಮಂಜುಗಡ್ಡೆ: ಸಣ್ಣ ವಿಮಾನ ಹಾರಿಸುವವರ ಪ್ರಶ್ನೆಗಳಿಗೆ ಉತ್ತರ

ಚಳಿಗಾಲದ ಹಾರಾಟದ ಬಗ್ಗೆ ಈ ಬಾರಿ ನಾಲ್ಕು ಪ್ರಶ್ನೆಗಳು ಬಂದಿವೆ. ಅಮೆರಿಕದ ಮಹಾಸರೋವರಗಳ ಸೀಮೆಯಲ್ಲಿ ಹಲವು ವರ್ಷ ಹಾರಾಟ ಕಲಿಸಿದ ಅನುಭವದ ಮೇಲೆ ಉತ್ತರಿಸುತ್ತಿದ್ದೇನೆ. ಮೊದಲ ಪ್ರಶ್ನೆಯಲ್ಲಿ ಪ್ರಾಣದ ಮಾತು ಇರುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಹಾಸನದವನಾದ ನಾನು ಈಗ ಮಿಷಿಗನ್ನಿನ ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿದ್ದೇನೆ. ಕಳೆದ ಬೇಸಿಗೆಯಲ್ಲಿ ಇನ್‌ಸ್ಟ್ರುಮೆಂಟ್ ರೇಟಿಂಗ್ (ಮೋಡದೊಳಗೆ ಉಪಕರಣ ನೋಡಿಕೊಂಡು ಹಾರುವ ಅರ್ಹತೆ) ಪಡೆದು, ಬಾಡಿಗೆಯ ಸೆಸ್ನಾ 172 ಹಾರಿಸುತ್ತಿದ್ದೇನೆ. ಚಳಿಗಾಲದಲ್ಲಿ ಇಲ್ಲಿ 3,000 ಅಡಿಯಿಂದ 6,000 ಅಡಿಯವರೆಗೆ ಮೋಡ ಕವಿದಿರುತ್ತದೆ, ಅದರ ಮೇಲೆ ಒಳ್ಳೆಯ ಬಿಸಿಲು. ಐದಾರು ನಿಮಿಷದಲ್ಲಿ ಮೋಡ ದಾಟಿಬಿಟ್ಟರೆ ಏನೂ ಆಗುವುದಿಲ್ಲ ಎಂದು ಪರಿಚಯದ ಹಿರಿಯ ಪೈಲಟ್ ಒಬ್ಬರು ಹೇಳುತ್ತಾರೆ. ಅವರ ಮಾತು ಸರಿಯೇ?

ಸರಿಯಲ್ಲ. ನಿಮ್ಮ ಸೆಸ್ನಾದಲ್ಲಿ ವೇಗ ಅಳೆಯುವ ಪಿಟೊ ಕೊಳವೆಯನ್ನು ಬಿಸಿ ಮಾಡುವ ಸ್ವಿಚ್ ಇದೆ, ಮುಂಗಾಜಿಗೆ ಒಂದಿಷ್ಟು ಬಿಸಿಗಾಳಿ ಬರುತ್ತದೆ. ರೆಕ್ಕೆ, ಬಾಲ, ಪ್ರೊಪೆಲ್ಲರ್‌ಗಳ ಮೇಲೆ ಕಟ್ಟುವ ಮಂಜುಗಡ್ಡೆಯನ್ನು ತೆಗೆಯುವ ಸಾಧನ ಯಾವುದೂ ಇಲ್ಲ. ಮಂಜುಗಡ್ಡೆ ಕಟ್ಟುತ್ತದೆಂದು ಗೊತ್ತಿರುವ ಕಡೆಗೆ ಹಾರುವುದು ನಿಷಿದ್ಧವೆಂದು ಇಂಥ ವಿಮಾನದ ಕೈಪಿಡಿಯಲ್ಲೇ ಇರುತ್ತದೆ. ‘ಗೊತ್ತಿರುವುದು’ ಎಂದರೆ ಏನು ಎಂಬ ವಾದಕ್ಕೆ ಅಮೆರಿಕದ ವಿಮಾನಯಾನ ಆಡಳಿತವಾದ ಎಫ್‌ಎಎ 2009ರಲ್ಲಿ ಸ್ಪಷ್ಟನೆ ಕೊಟ್ಟಿದೆ: ಸಿಕ್ಕಿರುವ ಎಲ್ಲ ಮಾಹಿತಿಯನ್ನೂ ನೋಡಿದ ವಿವೇಕಿ ಪೈಲಟ್ಟಿಗೆ ಆ ದಾರಿಯಲ್ಲಿ ವಿಮಾನದ ಮೇಲೆ ಮಂಜುಗಡ್ಡೆ ಕಟ್ಟೀತು ಎನಿಸುವುದಾದರೆ ಅದು ಗೊತ್ತಿದ್ದಂತೆಯೇ ಲೆಕ್ಕ. ಜನವರಿಯ ಮಿಷಿಗನ್ನಿನಲ್ಲಿ ನೀವು ವರ್ಣಿಸಿರುವ ಮೋಡವನ್ನು ನೋಡಿ ಹಾಗೆ ಅನಿಸುವುದಿಲ್ಲ ಎನ್ನುವುದು ಕಷ್ಟ.

ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ ಎಂದು ಶಾಲೆಯಲ್ಲಿ ಓದಿದ್ದು ಮೋಡದ ಹನಿಗಳಿಗೆ ಹಾಗೆಯೇ ಅನ್ವಯಿಸುವುದಿಲ್ಲ. ಹೆಪ್ಪುಗಟ್ಟಲು ಹನಿಗೆ ಒಂದು ಆಸರೆ ಬೇಕು, ಧೂಳಿನ ಕಣವಾದರೂ ಸರಿ. ಅದು ಸಿಗದೆ ಹೋದರೆ ಸೊನ್ನೆಗಿಂತ ಎಷ್ಟೋ ಕೆಳಗೂ ಹನಿ ನೀರಾಗಿಯೇ ಉಳಿಯುತ್ತದೆ. ಇದನ್ನು ಅತಿಶೀತಲ ನೀರು ಎನ್ನುತ್ತಾರೆ. ಸೊನ್ನೆಯಿಂದ ಮೈನಸ್ 20 ಡಿಗ್ರಿಯವರೆಗಿನ ಮೋಡಗಳಲ್ಲಿ ಇದು ಧಾರಾಳವಾಗಿರುತ್ತದೆ. ಅಂಥ ಮೋಡಕ್ಕೆ ನುಗ್ಗಿದ ನಿಮ್ಮ ರೆಕ್ಕೆಯೇ ಆ ಹನಿಗಳು ಕಾಯುತ್ತಿದ್ದ ಆಸರೆ. ಹನಿ ಸಣ್ಣದಿದ್ದು ಚಳಿ ಹೆಚ್ಚಿದ್ದರೆ ತಗಲಿದ ಕ್ಷಣವೇ ಹೆಪ್ಪುಗಟ್ಟಿ ಬೆಳ್ಳಗೆ, ಒರಟಾಗಿ ಕೂರುತ್ತದೆ. ಹನಿ ದಪ್ಪವಿದ್ದು ತಾಪಮಾನ ಸೊನ್ನೆಯ ಆಸುಪಾಸಿನಲ್ಲಿದ್ದರೆ ರೆಕ್ಕೆಯ ಮೇಲೆ ಹಿಂದಕ್ಕೆ ಹರಿಯುತ್ತಾ ಗಾಜಿನಂತೆ ಹೆಪ್ಪುಗಟ್ಟುತ್ತದೆ. ಇದು ಹೆಚ್ಚು ಅಪಾಯಕಾರಿ, ಕಣ್ಣಿಗೆ ಕಾಣುವುದೂ ಕಡಿಮೆ. ನೀವಿರುವ ಪಶ್ಚಿಮ ಮಿಷಿಗನ್ನಿನಲ್ಲಿ ಇದಕ್ಕೆ ಸರೋವರವೂ ಸೇರಿಕೊಳ್ಳುತ್ತದೆ: ಇನ್ನೂ ಹೆಪ್ಪುಗಟ್ಟದ ಮಿಷಿಗನ್ ಸರೋವರದ ಮೇಲೆ ಬೀಸಿಬರುವ ಚಳಿಗಾಳಿ ತೇವವನ್ನು ಹೀರಿಕೊಂಡು, ನಿಮ್ಮ ಊರಿನ ನೆತ್ತಿಯ ಮೇಲೆ ಮೋಡ ಕಟ್ಟುತ್ತದೆ.

ಇನ್ನು ಐದಾರು ನಿಮಿಷದ ಲೆಕ್ಕ. ಮೂರು ಸಾವಿರ ಅಡಿಯನ್ನು ನಿಮಿಷಕ್ಕೆ 500 ಅಡಿಯಂತೆ ಏರಿದರೆ ಆರು ನಿಮಿಷ, ನಿಜ. ಆದರೆ ಅದು ಶುಭ್ರವಾದ ರೆಕ್ಕೆಯ ಲೆಕ್ಕ. ಮಂಜುಗಡ್ಡೆ ಕೂರತೊಡಗಿದೊಡನೆ ರೆಕ್ಕೆಯ ಎತ್ತುವ ಶಕ್ತಿ ಕುಗ್ಗುತ್ತದೆ, ಗಾಳಿಯ ತಡೆ ಹೆಚ್ಚುತ್ತದೆ, ಪ್ರೊಪೆಲ್ಲರ್ ಎಳೆಯುವುದು ಕಡಿಮೆಯಾಗುತ್ತದೆ. 500 ಅಡಿ ಇದ್ದ ಏರಿಕೆ 300ಕ್ಕೆ, ಆಮೇಲೆ 100ಕ್ಕೆ ಇಳಿಯುತ್ತದೆ. ಏರಲೇಬೇಕೆಂದು ಮೂತಿ ಎತ್ತಿದರೆ ರೆಕ್ಕೆಯ ತಳಭಾಗವೂ ಹನಿಗಳಿಗೆ ಎದುರಾಗಿ ಅಲ್ಲಿಯೂ ಕಟ್ಟುತ್ತದೆ. ಹೀಗೆ ನಿಧಾನವಾದಷ್ಟೂ ಮೋಡದೊಳಗೆ ಹೆಚ್ಚು ಹೊತ್ತು, ಹೆಚ್ಚು ಹೊತ್ತು ಇದ್ದಷ್ಟೂ ಹೆಚ್ಚು ಮಂಜುಗಡ್ಡೆ. ಇದರ ಮೇಲೆ, ಇಂಥ ಪದರ ಮೋಡಗಳಲ್ಲಿ ನೀರು ಅತಿ ಹೆಚ್ಚಾಗಿರುವುದು ಸಾಮಾನ್ಯವಾಗಿ ಮೇಲ್ತುದಿಯ ಹತ್ತಿರ. ವಿಮಾನ ಸೋತು ನಿಲ್ಲುವುದೂ ಅಲ್ಲೇ, ಬಿಸಿಲು ಇನ್ನು ಕೆಲವೇ ನೂರು ಅಡಿ ಇರುವಾಗ.

ಇದನ್ನು ನಾನು ಓದಿ ತಿಳಿದದ್ದಲ್ಲ. ಹಲವು ವರ್ಷಗಳ ಹಿಂದೆ, ಮಾರ್ಚ್ ತಿಂಗಳಿನ ಒಂದು ಮಧ್ಯಾಹ್ನ, ನಿಮ್ಮದರಂಥದ್ದೇ ಹಳೆಯ ಸೆಸ್ನಾದಲ್ಲಿ ಒಬ್ಬನೇ ಹಿಂತಿರುಗುತ್ತಿದ್ದೆ. ನೆಲದಲ್ಲಿ 6 ಡಿಗ್ರಿ ಇತ್ತು, ಮೋಡದ ತಳ 3,000 ಅಡಿಯಲ್ಲಿತ್ತು, 4,000 ಅಡಿಗೆ ಮೋಡ ಮುಗಿಯುತ್ತದೆಂದು ಮುನ್ಸೂಚನೆ ಇದ್ದುದರಿಂದ 5,000 ಅಡಿಯ ಅನುಮತಿ ಪಡೆದಿದ್ದೆ. ಅಲ್ಲಿಗೇರಿದ ಮೇಲೂ ಸುತ್ತ ಬರೀ ಬಿಳುಪು. ಮುಂಗಾಜಿನ ಮೇಲ್ತುದಿಯಿಂದ ಹೊರಗೆ ಚಾಚಿದ ತಾಪಮಾಪಕದ ಕಡ್ಡಿಯ ತುದಿಯಲ್ಲಿ ಮೊದಲು ಜೋಳದ ಕಾಳಿನಷ್ಟು ಮಂಜುಗಡ್ಡೆ ಕಂಡಿತು. ತೆಳುವಾದ ವಸ್ತುವಿನ ಮೇಲೆ ಅದು ಎಲ್ಲಕ್ಕಿಂತ ಬೇಗ ಕಟ್ಟುವುದರಿಂದ ಮೊದಲು ನೋಡಬೇಕಾದದ್ದು ಅದನ್ನೇ. ಇನ್ನೇನು ಮೋಡ ಮುಗಿದೀತು ಎಂದು ನಾಲ್ಕು ನಿಮಿಷ ಕಾದೆ. ಆ ಹಾರಾಟದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅದು. ಜೋಳದ ಕಾಳು ಅವರೆಕಾಳಾಯಿತು, ರೆಕ್ಕೆಯ ಆಸರೆಗಂಬದ ಮುಂದಂಚಿಗೆ ಬೆರಳು ದಪ್ಪದ ಪಟ್ಟಿ ಬಂತು, ಎಂಜಿನ್ನಿನ ಶಕ್ತಿಯನ್ನು ಮುಟ್ಟದಿದ್ದರೂ 110 ನಾಟ್ ಇದ್ದ ವೇಗ 95ಕ್ಕೆ ಬಿತ್ತು. ಆಗ ರೇಡಿಯೊದಲ್ಲಿ ವಾಯುಸಂಚಾರ ನಿಯಂತ್ರಕರನ್ನು ಕರೆದು, ಮಂಜುಗಡ್ಡೆ ಕಟ್ಟುತ್ತಿದೆ, ಈಗಲೇ ಇಳಿಯಬೇಕು ಎಂದೆ. ಆಕೆ ಮರುಮಾತಿಲ್ಲದೆ 2,500 ಅಡಿ ಕೊಟ್ಟರು. ಮೋಡದಿಂದ ಕೆಳಗೆ ಬಂದು 2 ಡಿಗ್ರಿಯ ಗಾಳಿಯಲ್ಲಿ ಕೆಲವು ನಿಮಿಷ ಹಾರಿದ ಮೇಲೆ, ಪಟ್ಟಿಯು ತುಂಡು ತುಂಡಾಗಿ ಕಳಚಿ ಬಾಲಕ್ಕೆ ಬಡಿದ ಸದ್ದು ಈಗಲೂ ಕಿವಿಯಲ್ಲಿದೆ.

ನಾನು ಉಳಿದದ್ದಕ್ಕೆ ಕಾರಣ ಕೌಶಲವಲ್ಲ, ಕೆಳಗೆ ಬೆಚ್ಚನೆಯ ಗಾಳಿ ಇದ್ದದ್ದು. ಪ್ರತಿ ಸಾವಿರ ಅಡಿಗೆ ಸುಮಾರು 2 ಡಿಗ್ರಿ ಇಳಿಯುವ ಲೆಕ್ಕದಲ್ಲಿ ಆ ದಿನ ಸೊನ್ನೆಯ ಮಟ್ಟ ಸಮುದ್ರಮಟ್ಟದಿಂದ 3,500 ಅಡಿಯ ಹತ್ತಿರವಿತ್ತು. ಕೆಳಗಿನ ನೆಲ ಸಮತಟ್ಟಾಗಿತ್ತು. ನೀವು ಕೇಳಿರುವ ಜನವರಿಯ ದಿನದಲ್ಲಿ ನೆಲದಲ್ಲೇ ಮೈನಸ್ 5 ಇದ್ದರೆ ಆ ದಾರಿಯೂ ಮುಚ್ಚಿರುತ್ತದೆ. ಮೋಡದಿಂದ ಕೆಳಗಿಳಿದರೆ ಇನ್ನಷ್ಟು ಕಟ್ಟುವುದು ನಿಂತೀತು, ಕಟ್ಟಿದ್ದು ಕರಗದು, ಅದನ್ನು ಹೊತ್ತುಕೊಂಡೇ ಇಳಿಯಬೇಕು. ಆದ್ದರಿಂದ ನನ್ನ ವಿದ್ಯಾರ್ಥಿಗಳಿಗೆ ಹೊರಡುವ ಮೊದಲೇ ಒಂದು ಕಾಗದದ ಮೇಲೆ ಬರೆಸುತ್ತೇನೆ: ಸೊನ್ನೆಯ ಮಟ್ಟ ಎಷ್ಟು ಅಡಿ, ಮೋಡದ ತಳ ಎಷ್ಟು, ಆ ತಳ ಮತ್ತು ನೆಲದ ನಡುವೆ ಸುರಕ್ಷಿತವಾಗಿ ಹಾರಲು ಜಾಗ ಎಷ್ಟು, ಹತ್ತಿರದ ಉದ್ದನೆಯ ರನ್‌ವೇ ಯಾವುದು. ಮುನ್ಸೂಚನೆಯ ಜೊತೆಗೆ, ಅದೇ ಗಂಟೆಯಲ್ಲಿ ಆ ದಾರಿಯಲ್ಲಿ ಹಾರಿದ ಪೈಲಟ್ಟರು ಕೊಟ್ಟ ವರದಿಗಳನ್ನೂ ಓದಬೇಕು. ಈ ಕಾಗದ ತುಂಬದಿದ್ದರೆ ಅಂದು ಹಾರಾಟವಿಲ್ಲ.

ಇಷ್ಟೆಲ್ಲ ನೋಡಿಕೊಂಡರೂ ಅಕಸ್ಮಾತ್ ಸಿಕ್ಕಿಕೊಂಡರೆ, ಮೊದಲ ಕಾಳು ಕಂಡಾಗಲೇ ಹೊರಬನ್ನಿ. ಬಂದ ದಾರಿಯಲ್ಲಿ ಮಂಜುಗಡ್ಡೆ ಇರಲಿಲ್ಲವಾದರೆ ತಿರುಗಿ ಹೋಗುವುದೇ ಉತ್ತಮ. ಆಟೊಪೈಲಟ್ ತೆಗೆದು ಕೈಯಿಂದ ಹಾರಿಸಿ, ವಿಮಾನ ಭಾರವಾಗುತ್ತಿರುವುದು ಕೈಗೆ ತಿಳಿಯಬೇಕು. ನಿಯಂತ್ರಕರೊಂದಿಗೆ ಸಂಕೋಚ ಬೇಡ; ಬೇಕಾದರೆ ತುರ್ತುಸ್ಥಿತಿ ಘೋಷಿಸಿ. ಇಳಿಯುವಾಗ ಎಂದಿಗಿಂತ ಹೆಚ್ಚು ವೇಗವಿರಲಿ, ಎಂಜಿನ್ನಿನ ಶಕ್ತಿಯನ್ನು ನೆಲದ ಹತ್ತಿರದವರೆಗೂ ಉಳಿಸಿಕೊಳ್ಳಿ. ಮಂಜುಗಡ್ಡೆ ಹೊತ್ತ ರೆಕ್ಕೆ ಎಚ್ಚರಿಕೆಯ ಸದ್ದು ಬರುವ ಮೊದಲೇ ಸ್ಟಾಲ್ ಆಗಬಲ್ಲದು, ಅಂದರೆ ಎತ್ತುವ ಶಕ್ತಿಯನ್ನು ಥಟ್ಟನೆ ಕಳೆದುಕೊಳ್ಳಬಲ್ಲದು. ರೆಕ್ಕೆಯ ಹಿಂದಂಚಿನ ಫ್ಲ್ಯಾಪ್ ಇಳಿಸಿದರೆ ಮಂಜುಗಡ್ಡೆ ಕಟ್ಟಿದ ಬಾಲವು ಹಿಡಿತ ಕಳೆದುಕೊಂಡು ಮೂತಿ ಥಟ್ಟನೆ ಕೆಳಗೆ ಬೀಳುವ ಅಪಾಯವೂ ಉಂಟು. ಆದ್ದರಿಂದ ಕೈಪಿಡಿ ಬೇರೆ ಹೇಳದಿದ್ದರೆ ಫ್ಲ್ಯಾಪನ್ನು ಬಳಸದೆ, ಉದ್ದನೆಯ ರನ್‌ವೇ ಆರಿಸಿಕೊಂಡು ಇಳಿಯಿರಿ.

ಪ್ರಶ್ನೆ: ಮಿನೆಸೋಟದಲ್ಲಿದ್ದೇವೆ. ನಾನೂ ಗೆಳೆಯರೂ ಸೇರಿ ಟಿಕೆಎಸ್ ವ್ಯವಸ್ಥೆ ಇರುವ ಹಳೆಯ ವಿಮಾನ ಕೊಳ್ಳಬೇಕೆಂದಿದ್ದೇವೆ. ಅದಿದ್ದರೆ ಚಳಿಗಾಲವಿಡೀ ನಿಶ್ಚಿಂತೆಯಿಂದ ಹಾರಬಹುದೇ?

ಮೊದಲು ಅದರ ಕಾಗದಪತ್ರ ನೋಡಿ. ರೆಕ್ಕೆಯ ಮುಂದಂಚಿನ ಸೂಕ್ಷ್ಮ ರಂಧ್ರಗಳಿಂದ ಗ್ಲೈಕಾಲ್ ದ್ರವವನ್ನು ಒಸರಿಸಿ ಮಂಜುಗಡ್ಡೆ ಅಂಟದಂತೆ ಮಾಡುವ ಈ ವ್ಯವಸ್ಥೆ ಎರಡು ಬಗೆಯಲ್ಲಿ ಬರುತ್ತದೆ. ಒಂದು, ಮಂಜುಗಡ್ಡೆ ಇರುವ ಕಡೆ ಹಾರಲು ಪರೀಕ್ಷೆಗೊಳಪಟ್ಟು ಪ್ರಮಾಣೀಕೃತವಾದದ್ದು. ಇನ್ನೊಂದು, ಅಕಸ್ಮಾತ್ ಸಿಕ್ಕಿಕೊಂಡಾಗ ಹೊರಬರಲು ಮಾತ್ರ ಇರುವಂಥದ್ದು. ನೋಡಲು ಎರಡೂ ಒಂದೇ ರೀತಿ ಕಾಣಬಹುದು, ಕಾನೂನಿನ ಕಣ್ಣಿಗೆ ಒಂದೇ ಅಲ್ಲ. ಹಾರುವ ಮೊದಲು ಒಮ್ಮೆ ಚಾಲೂ ಮಾಡಿ, ಎಲ್ಲ ಫಲಕಗಳಿಂದಲೂ ದ್ರವ ಒಸರುತ್ತಿದೆಯೇ ಎಂದು ಕಣ್ಣಾರೆ ನೋಡಬೇಕು. ಬಹಳ ದಿನ ಒಣಗಿದ ಫಲಕ ಒದ್ದೆಯಾಗಲು ಹೊತ್ತು ಹಿಡಿಯುತ್ತದೆ.

ಪ್ರಮಾಣೀಕೃತ ಸಾಧನಕ್ಕೂ ಮಿತಿ ಇದೆ. 1994ರ ಅಕ್ಟೋಬರ್ 31ರಂದು ಇಂಡಿಯಾನಾದ ರೋಸ್‌ಲಾನ್ ಬಳಿ ಎಟಿಆರ್-72 ವಿಮಾನ ಬಿದ್ದು, ಅದರಲ್ಲಿದ್ದ 68 ಮಂದಿಯೂ ಸತ್ತರು. ಅದರ ರೆಕ್ಕೆಯ ಮುಂದಂಚಿನಲ್ಲಿ ಉಬ್ಬಿ ಮಂಜುಗಡ್ಡೆಯನ್ನು ಒಡೆಯುವ ರಬ್ಬರ್ ಪಟ್ಟಿಗಳಿದ್ದವು, ಅವು ಕೆಲಸವನ್ನೂ ಮಾಡುತ್ತಿದ್ದವು. ಆದರೆ ಇಳಿಯುವ ಸರದಿಗಾಗಿ ಆಕಾಶದಲ್ಲೇ ಸುತ್ತುತ್ತಿದ್ದ ವಿಮಾನಕ್ಕೆ ತಗಲಿದ್ದು ದಪ್ಪ ಹನಿಗಳ ತುಂತುರು. ನೀರು ಪಟ್ಟಿಯನ್ನೂ ದಾಟಿ ಹಿಂದಕ್ಕೆ ಹರಿದು, ಪಟ್ಟಿ ಮುಟ್ಟದ ಜಾಗದಲ್ಲಿ ಏಣಿನಂತೆ ಹೆಪ್ಪುಗಟ್ಟಿ, ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆತುದಿಯ ಏಲರಾನನ್ನೇ ಪೈಲಟ್ಟರ ಹತೋಟಿ ತಪ್ಪಿಸಿತು. ಅಲ್ಲಿಯವರೆಗೂ ಹಾರಿಸುತ್ತಿದ್ದುದು ಆಟೊಪೈಲಟ್. ಹೆಪ್ಪುಗಟ್ಟುವ ಮಳೆ ಅಥವಾ ತುಂತುರು ಎಂಬ ಮಾತು ಮುನ್ಸೂಚನೆಯಲ್ಲಿ ಕಂಡರೆ ನಿಮ್ಮ ವಿಮಾನದಲ್ಲಿ ಏನೇ ಇರಲಿ, ಹೊರಡಬೇಡಿ. ಉಳಿದ ದಿನಗಳಲ್ಲೂ ಟಿಕೆಎಸ್ ನಿಮಗೆ ಕೊಡುವುದು ಹೊರಬರಲು ಬೇಕಾದ ಸಮಯವನ್ನು ಮಾತ್ರ. ಟ್ಯಾಂಕಿನ ದ್ರವ ಮುಗಿದರೆ ಆ ಸಮಯವೂ ಮುಗಿಯಿತು.

ಪ್ರಶ್ನೆ: ನನ್ನ ಮಗಳು ಕೆನಡಾದಲ್ಲಿ ಪೈಲಟ್ ತರಬೇತಿ ಪಡೆಯುತ್ತಿದ್ದಾಳೆ. ರೆಕ್ಕೆಯ ಮೇಲೆ ಬೆಳಗಿನ ಇಬ್ಬನಿ ಹೆಪ್ಪುಗಟ್ಟಿದ್ದರೆ, ಅದು ಕಾಗದದಷ್ಟು ತೆಳ್ಳಗಿದ್ದರೂ, ಪೂರ್ತಿ ತೆಗೆಯುವವರೆಗೆ ಹಾರಲು ಬಿಡುವುದಿಲ್ಲವಂತೆ. ದುಬಾರಿ ತರಬೇತಿಯ ಗಂಟೆಗಳು ಹೀಗೆ ಹಾಳಾಗುವುದು ಅಗತ್ಯವೇ? (ಶಿವಮೊಗ್ಗದ ಓದುಗರು)

ಅಗತ್ಯ. ಶಾಲೆ ತಮ್ಮ ಮಗಳಿಗೆ ಸರಿಯಾದದ್ದನ್ನೇ ಕಲಿಸುತ್ತಿದೆ ಎಂದು ನೆಮ್ಮದಿಯಿಂದಿರಿ. ಒರಟು ಮರಳುಕಾಗದದಷ್ಟು ತೆಳ್ಳನೆಯ ಪದರವೂ ರೆಕ್ಕೆಯ ಎತ್ತುವ ಶಕ್ತಿಯನ್ನು ಶೇಕಡಾ 30ರಷ್ಟು ತಗ್ಗಿಸಿ, ಗಾಳಿಯ ತಡೆಯನ್ನು ಶೇಕಡಾ 40ರಷ್ಟು ಹೆಚ್ಚಿಸಬಲ್ಲದು. ಇಲ್ಲಿ ತೂಕಕ್ಕಿಂತ ಒರಟುತನವೇ ಮುಖ್ಯ. ಕೆನಡಾ ಈ ಪಾಠಕ್ಕೆ ದೊಡ್ಡ ಬೆಲೆ ತೆತ್ತಿದೆ: 1989ರ ಮಾರ್ಚ್ 10ರಂದು ಒಂಟಾರಿಯೊದ ಡ್ರೈಡನ್ನಿನಲ್ಲಿ ರೆಕ್ಕೆಯ ಮೇಲಿನ ಹಿಮವನ್ನು ತೆಗೆಯದೆ ಹೊರಟ ಫಾಕರ್ ಎಫ್-28 ವಿಮಾನ ಮೇಲೇಳಲಾರದೆ ಕಾಡಿಗೆ ಬಿದ್ದು 24 ಮಂದಿ ಸತ್ತರು. ನ್ಯಾಯಮೂರ್ತಿ ವರ್ಜಿಲ್ ಮೊಶಾನ್ಸ್ಕಿ ಅವರ ವಿಚಾರಣಾ ಆಯೋಗದ ನಂತರ ಅಲ್ಲಿನ ನಿಯಮಗಳು ಬಿಗಿಯಾದವು.

ಗಾಳಿಯ ತಾಪಮಾನ ಸೊನ್ನೆಗಿಂತ ಸ್ವಲ್ಪ ಮೇಲಿದ್ದರೂ ಶುಭ್ರ ಆಕಾಶದ ರಾತ್ರಿಯಲ್ಲಿ ರೆಕ್ಕೆಯ ಲೋಹ ಗಾಳಿಗಿಂತ ಹೆಚ್ಚು ತಣ್ಣಗಾಗುವುದರಿಂದ ಇಬ್ಬನಿ ಹೆಪ್ಪುಗಟ್ಟುತ್ತದೆ. ಅದು ಕಣ್ಣಿಗೆ ಕಾಣದಿರಬಹುದು, ಬರಿಗೈಯಲ್ಲಿ ಸವರಿ ನೋಡಬೇಕು. ಬಿಸಿನೀರು ಸುರಿಯುವುದು ಮಾತ್ರ ಬೇಡವೇ ಬೇಡ. ಆ ನೀರು ಏಲರಾನಿನ ಸಂದುಗಳಿಗಿಳಿದು ಅಲ್ಲೇ ಹೆಪ್ಪುಗಟ್ಟುತ್ತದೆ. ರಾತ್ರಿಯೇ ರೆಕ್ಕೆಗೆ ಹೊದಿಕೆ ಹಾಕಿಡುವ ಅಭ್ಯಾಸವನ್ನು ಮಗಳಿಗೆ ಹೇಳಿ, ಬೆಳಗಿನ ಸಮಯ ಉಳಿಯುತ್ತದೆ.

ಪ್ರಶ್ನೆ: ಬೆಂಗಳೂರಿನ ಜಕ್ಕೂರಿನಲ್ಲಿ ಹಾರಾಟ ಕಲಿಯಬೇಕೆಂದಿರುವ ವಿದ್ಯಾರ್ಥಿ ನಾನು. ನಮ್ಮ ಊರಿನಲ್ಲಿ ಹಿಮವೇ ಇಲ್ಲವಾದ್ದರಿಂದ ಮಂಜುಗಡ್ಡೆಯ ಪಾಠವನ್ನು ಪರೀಕ್ಷೆಗಷ್ಟೇ ಓದಿದರೆ ಸಾಕಲ್ಲವೇ?

ರೆಕ್ಕೆಯ ಮೇಲೆ ಬಾರದ ಮಂಜುಗಡ್ಡೆ ಎಂಜಿನ್ನಿನ ಒಳಗೆ ಬರಬಹುದು, ಅದಕ್ಕೆ ಬೆಂಗಳೂರಿನ ಜುಲೈ ತಿಂಗಳಿಗಿಂತ ಹೇಳಿಮಾಡಿಸಿದ ಹವೆ ಇನ್ನೊಂದಿಲ್ಲ. ಮಣ್ಣಿನ ಮಡಕೆಯ ನೀರು ತಣ್ಣಗಿರುವುದು ಹೊರಮೈಯಿಂದ ನೀರು ಆವಿಯಾಗುವಾಗ ಶಾಖವನ್ನು ಹೀರಿಕೊಳ್ಳುವುದರಿಂದ. ಎಂಜಿನ್ನಿಗೆ ಗಾಳಿ ಮತ್ತು ಇಂಧನವನ್ನು ಬೆರೆಸಿಕೊಡುವ ಕಾರ್ಬುರೇಟರಿನೊಳಗೆ ಪೆಟ್ರೋಲು ಆವಿಯಾಗುವಾಗಲೂ ಹಾಗೆಯೇ. ಇಕ್ಕಟ್ಟಾದ ಕೊರಳಿನಲ್ಲಿ ಗಾಳಿಯ ಒತ್ತಡ ಇಳಿಯುವುದೂ ಜೊತೆಗೂಡಿ ತಾಪಮಾನ 20 ಡಿಗ್ರಿಗೂ ಹೆಚ್ಚು ಕುಸಿಯಬಲ್ಲದು. ಹೊರಗೆ 21 ಡಿಗ್ರಿ, ತುಂತುರು ಮಳೆಯ ತೇವ ಇದ್ದರೆ ಒಳಗೆ ಸೊನ್ನೆಯ ಹತ್ತಿರ. ಗಾಳಿಯಲ್ಲಿನ ತೇವ ಎಂಜಿನ್ನಿಗೆ ಹೋಗುವ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಥ್ರಾಟಲ್ ತಟ್ಟೆಯ ಸುತ್ತ ಹೆಪ್ಪುಗಟ್ಟಿ ಎಂಜಿನ್ನಿಗೆ ಉಸಿರು ಕಟ್ಟಿಸುತ್ತದೆ. ಥ್ರಾಟಲ್ ಬಹುಪಾಲು ಮುಚ್ಚಿರುವ ಇಳಿಕೆಯ ಹೊತ್ತಿನಲ್ಲಿ ಇದು ಹೆಚ್ಚು, ಅಂದರೆ ನೆಲ ಹತ್ತಿರವಾಗುತ್ತಿರುವಾಗಲೇ.

ತರಬೇತಿಗೆ ಬಳಸುವ ಸೆಸ್ನಾ 152ರಲ್ಲಿ ಇದರ ಮೊದಲ ಸುಳಿವು, ಥ್ರಾಟಲ್ ಮುಟ್ಟದಿದ್ದರೂ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸಂಖ್ಯೆ) ಮೆಲ್ಲಗೆ ಇಳಿಯುವುದು. ಕಾಣುತ್ತಿದ್ದಂತೆ ಕಾರ್ಬುರೇಟರಿಗೆ ಬಿಸಿಗಾಳಿ ಬಿಡುವ ಕಾರ್ಬುರೇಟರ್ ಹೀಟ್ ಗುಂಡಿಯನ್ನು ಪೂರ್ತಿ ಎಳೆಯಿರಿ, ಅರ್ಧಂಬರ್ಧ ಬೇಡ. ಆರ್‌ಪಿಎಂ ಇನ್ನಷ್ಟು ಇಳಿಯುತ್ತದೆ. ಕರಗಿದ ನೀರು ಒಳಗೆ ಹೋಗುವುದರಿಂದ ಎಂಜಿನ್ ಗಡಗಡ ಎನ್ನುತ್ತದೆ. ಹೊಸಬರು ಹೆದರಿ ಗುಂಡಿಯನ್ನು ಮತ್ತೆ ಒಳಕ್ಕೆ ತಳ್ಳುವುದು ಆಗಲೇ. ತಳ್ಳಬೇಡಿ. ಮಂಜುಗಡ್ಡೆ ಕರಗಿ ಮುಗಿದರೆ ಆರ್‌ಪಿಎಂ ತಾನಾಗಿ ಏರುತ್ತದೆ, ಅಲ್ಲಿಯವರೆಗೆ ಕೈಯನ್ನು ಗುಂಡಿಯ ಮೇಲೆ ಹಾಗೆಯೇ ಹಿಡಿದಿರಿ. ಇಳಿಯಲೆಂದು ಥ್ರಾಟಲ್ ತಗ್ಗಿಸುವ ಮೊದಲು ಹೀಟ್ ಎಳೆಯುವುದನ್ನೂ, ಇಳಿಯದೆ ಮತ್ತೆ ಮೇಲೇರಬೇಕಾದಾಗ ಥ್ರಾಟಲ್ ಪೂರ್ತಿ ಕೊಟ್ಟು ಹೀಟನ್ನು ಒಳಗೆ ತಳ್ಳುವುದನ್ನೂ ಮೊದಲ ದಿನದಿಂದಲೇ ಕೈಗೆ ಅಭ್ಯಾಸ ಮಾಡಿಸಿ.