ಅಡುಗೆಮನೆಯಲ್ಲಿ ಉಳಿದ ತುಂಡಿನಿಂದ ಮತ್ತೆ ತರಕಾರಿ ಬೆಳೆಯಲು ನಿಜವಾಗಿಯೂ ಆಗುತ್ತದಾ?

ಶಿವಮೊಗ್ಗದಲ್ಲಿ ಬಾಡಿಗೆ ಮನೆ, ಮಹಡಿ ಮೇಲೆ ಪುಟ್ಟ ಬಾಲ್ಕನಿ ಅಂತ ಬರೆದಿದ್ದೀರಿ. ವಿಡಿಯೋ ನೋಡಿ ಕ್ಯಾರೆಟ್ ತಲೆ, ಈರುಳ್ಳಿ ಬುಡ, ಆಲೂಗಡ್ಡೆ ಚೂರು ಮೂರನ್ನೂ ಲೋಟದ ನೀರಿನಲ್ಲಿ ಇಟ್ಟಿರಿ. ಮಳೆಗಾಲ ಬೇರೆ. ಹದಿನೈದು ದಿನಕ್ಕೆ ಎಲ್ಲ ಕೊಳೆತು ವಾಸನೆ ಬಂತು, ಇದೆಲ್ಲ ಸುಳ್ಳಾ ಅಂತ ಕೇಳಿದ್ದೀರಿ.

ಸುಳ್ಳಲ್ಲ. ಆದರೆ ನೀವು ಆರಿಸಿಕೊಂಡ ಮೂರೂ ನಮ್ಮ ಕಡೆಯ ಮಳೆಗಾಲಕ್ಕೆ ಒಗ್ಗುವಂಥವಲ್ಲ. ಇಲ್ಲಿ ಸುಲಭವಾಗಿ ಚಿಗುರುವ ತರಕಾರಿ ಬೇರೆಯೇ ಇವೆ. ಅವು ವಿಡಿಯೋಗಳಲ್ಲಿ ಕಾಣಿಸುವುದು ಕಡಿಮೆ.

ನನ್ನ ತವರು ತೀರ್ಥಹಳ್ಳಿ ಕಡೆ. ಅಲ್ಲಿ ಇದನ್ನೊಂದು ಹವ್ಯಾಸ ಅಂತ ಯಾರೂ ಮಾಡುತ್ತಿರಲಿಲ್ಲ. ಬಚ್ಚಲ ನೀರು ಹಿತ್ತಿಲಿಗೆ ಹರಿದು ಹೋಗುವ ಜಾಗ ಒಂದಿತ್ತು. ಅಡುಗೆಮನೆಯಲ್ಲಿ ಏನೇ ಮೊಳಕೆ ಬಂದರೂ ಅಮ್ಮ ಅದನ್ನು ಅಲ್ಲಿ ಊರಿ ಬರುತ್ತಿದ್ದರು. ಒಂದು ಬದಿ ಕೆಸು, ಒಂದು ಬದಿ ಶುಂಠಿ, ಅರಿಶಿನ, ಮೇಲೆ ಬಸಳೆ ಚಪ್ಪರ. ನಾನು ಈಗ ಶಿವಮೊಗ್ಗದಲ್ಲಿ ಮಹಡಿ ಮನೆಯಲ್ಲಿ ಇದ್ದೇನೆ, ಹಿತ್ತಿಲಿಲ್ಲ. ಏಳು ಕುಂಡ, ಎರಡು ಹಳೆ ಬಕೆಟ್ ಇವೆ. ಅಷ್ಟರಲ್ಲೇ ಅಮ್ಮನ ಕೆಲಸ ಮುಂದುವರಿಸಿದ್ದೇನೆ.

ಮೊದಲು ನಿಮ್ಮ ಮೂರು ತರಕಾರಿಯ ವಿಷಯ ಮುಗಿಸಿಬಿಡುತ್ತೇನೆ. ಕ್ಯಾರೆಟ್‌ನಲ್ಲಿ ನಾವು ತಿನ್ನುವುದು ಬೇರು. ಕತ್ತರಿಸಿದ ಬೇರು ಮತ್ತೆ ಕ್ಯಾರೆಟ್ ಆಗುವುದಿಲ್ಲ. ತಲೆಯಲ್ಲಿ ಚಿಗುರುವ ಕಣ್ಣು ಇರುವುದರಿಂದ ಎಲೆ ಬರುತ್ತದೆ, ಅಷ್ಟೇ. ಈರುಳ್ಳಿ ಬುಡವನ್ನು ಬೇರಿನ ಸಮೇತ ಒಂದಿಂಚು ಬಿಟ್ಟು ಕತ್ತರಿಸಿ ಮಣ್ಣಿಗೆ ಇಟ್ಟರೆ ಹಸಿರು ಎಲೆ ಎರಡು ಮೂರು ಸಲ ಕೊಯ್ಯಬಹುದು. ಅದೇ ಗಾತ್ರದ ಗಡ್ಡೆ ಬರಲಿ ಅಂತ ಕಾಯಬೇಡಿ. ಆಲೂಗಡ್ಡೆಗೆ ತಂಪು ಹವೆ ಬೇಕು, ಬುಡದಲ್ಲಿ ನೀರು ನಿಲ್ಲಲೇಬಾರದು. ಜಡಿಮಳೆಯಲ್ಲಿ ಅದು ಕೊಳೆಯದೆ ಉಳಿದರೆ ಆಶ್ಚರ್ಯ.

ಯಾವ ತುಂಡು ಚಿಗುರುತ್ತದೆ ಅಂತ ತಿಳಿಯಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದರಲ್ಲಿ ಮೊಳಕೆ ಒಡೆಯುವ ಕಣ್ಣು ಇದೆಯಾ, ದಂಟಿನಲ್ಲಿ ಎಲೆ ಹುಟ್ಟುವ ಗಂಟು, ಅಂದರೆ ಗಿಣ್ಣು ಇದೆಯಾ? ಶುಂಠಿ, ಕೆಸು, ಸುವರ್ಣಗೆಡ್ಡೆಗೆ ಕಣ್ಣು. ಬಸಳೆ, ಪುದೀನ, ದೊಡ್ಡಪತ್ರೆಗೆ ಗಿಣ್ಣು. ಎರಡೂ ಇಲ್ಲದ ತುಂಡನ್ನು ಗೊಬ್ಬರದ ಡಬ್ಬಿಗೆ ಹಾಕಿ.

ನೀವು ಬಸಳೆಯಿಂದ ಶುರು ಮಾಡಬೇಕು ಅನ್ನುವುದು ನನ್ನ ಆಸೆ. ಎಲೆ, ಎಳೆ ದಂಟು ಹುಳಿಗೆ ಹೋದ ಮೇಲೆ ಬುಡದ ಬಲಿತ ದಂಟು ಉಳಿಯುತ್ತದಲ್ವಾ, ಬೇಯದ್ದು ಅಂತ ಬಿಸಾಡುತ್ತೇವಲ್ಲ, ಅದೇ ಬೀಜದ ಕಡ್ಡಿ. ಒಂದು ಗೇಣು ಉದ್ದ, ಮೂರ್ನಾಲ್ಕು ಗಿಣ್ಣು ಇರುವಂತೆ ಕತ್ತರಿಸಿ. ಎಲೆ ಇದ್ದರೆ ತೆಗೆದುಬಿಡಿ. ಎರಡು ಗಿಣ್ಣು ಮಣ್ಣಿನೊಳಗೆ ಹೋಗಬೇಕು, ಕಡ್ಡಿ ಸ್ವಲ್ಪ ಓರೆಯಾಗಿರಲಿ. ತಲೆಕೆಳಗಾಗಿ ಊರಬೇಡಿ. ಎಲೆ ತೊಟ್ಟು ಮುರಿದ ಗುರುತು ನೋಡಿ, ಮೊಗ್ಗು ಯಾವಾಗಲೂ ಆ ಗುರುತಿನ ಮೇಲ್ಗಡೆ ಇರುತ್ತದೆ. ವಾರ, ಹತ್ತು ದಿನದಲ್ಲಿ ಆ ಮೊಗ್ಗು ಸಾಸಿವೆ ಕಾಳಿನಷ್ಟು ಉಬ್ಬುತ್ತದೆ. ಆಮೇಲೆ ಎಣ್ಣೆ ಸವರಿದ ಹಾಗೆ ಹೊಳೆಯುವ ಎರಡು ಪುಟ್ಟ ಎಲೆ. ಆ ಹೊತ್ತಿಗೆ ಕಡ್ಡಿಯನ್ನು ಮೆಲ್ಲಗೆ ಎಳೆದು ನೋಡಿದರೆ ಮಣ್ಣು ಬಿಡುವುದಿಲ್ಲ, ಬೇರು ಹಿಡಿದಿರುತ್ತದೆ. ಬಾಲ್ಕನಿಯ ಸರಳಿಗೆ ನಾಲ್ಕು ದಾರ ಕಟ್ಟಿದರೆ ಅದೇ ಚಪ್ಪರ. ಒಂದೂವರೆ ತಿಂಗಳಿಗೆ ಮೊದಲ ಕೊಯ್ಲು. ಅಕ್ಕಿ ತೊಳೆದ ನೀರು ಹಾಕಿ. ಸೋಪಿನ ಬಚ್ಚಲ ನೀರು ಕುಂಡಕ್ಕೆ ಬೇಡ.

ಇನ್ನು ಶುಂಠಿ. ಇದರಲ್ಲಿ ನಾನು ಒಂದು ವರ್ಷ ಪೂರ್ತಿ ಕಳೆದುಕೊಂಡಿದ್ದೇನೆ, ಅದಕ್ಕೇ ವಿವರವಾಗಿ ಹೇಳುತ್ತೇನೆ. ಆ ವರ್ಷ ಜೂನ್ ಕೊನೆಯಲ್ಲಿ, ಆರಿದ್ರಾ ಮಳೆ ಹಿಡಿದ ಮೇಲೆ ನೆಟ್ಟೆ. ಬಕೆಟ್‌ಗೆ ಒಂದೇ ಸಣ್ಣ ತೂತು. ಸಜ್ಜಾ ಮೇಲಿಂದ ಸುರಿಯುವ ಮಳೆ ನೀರು ನೇರ ಅದರೊಳಗೆ ಬೀಳುತ್ತಿತ್ತು. ಗಿಡ ಮೊದಲು ಚೆನ್ನಾಗಿಯೇ ಬಂತು. ಆಗಸ್ಟ್‌ನಲ್ಲಿ ಕೆಳಗಿನ ಎಲೆ ಅಂಚಿನಿಂದ ಹಳದಿಯಾಯಿತು. ಒಂದು ದಂಟು ಮುಟ್ಟಿದರೆ ಬುಡದಿಂದ ಸುಮ್ನೆ ಕೈಗೆ ಬಂದುಬಿಟ್ಟಿತು. ಒಳಗೆ ಗಡ್ಡೆ ಗಂಜಿಯಂತಾಗಿತ್ತು. ಸಾಗರ, ಸೊರಬದ ಕಡೆ ಶುಂಠಿ ಬೆಳೆಯುವವರು ಹೆದರುವ ಕೊಳೆರೋಗ ಅದೇ. ನಿಂತ ನೀರಿನಲ್ಲಿ ಬೇಗ ಹರಡುತ್ತದೆ, ಮಣ್ಣಿನಲ್ಲಿ ಉಳಿದುಕೊಳ್ಳುತ್ತದೆ. ಅವರು ವರ್ಷ ವರ್ಷ ಜಮೀನು ಬದಲಿಸುವುದಕ್ಕೆ ಇದೂ ಒಂದು ಕಾರಣ. ನಾವು ಕುಂಡದ ಮಣ್ಣಾದರೂ ಬದಲಿಸಬೇಕು.

ಈಗ ಏಪ್ರಿಲ್ ಕೊನೆಗೆ, ಭರಣಿ ಮಳೆ ಹೊತ್ತಿಗೆ ನೆಡುತ್ತೇನೆ. ಅಷ್ಟು ಹೊತ್ತಿಗೆ ಬುಟ್ಟಿಯಲ್ಲಿ ಉಳಿದ ಶುಂಠಿಗೆ ತಾನಾಗಿಯೇ ಹಳದಿ ಹಸಿರು ಮೂಗು ಮೂಡಿರುತ್ತದೆ. ಎರಡು ಕಣ್ಣು ಇರುವ, 20–25 ಗ್ರಾಂ ತೂಗುವ ತುಂಡು ಸಾಕು. ಕತ್ತರಿಸಿದ ಬಾಯಿಗೆ ಒಲೆ ಬೂದಿ ಹಚ್ಚಿ ಎರಡು ದಿನ ನೆರಳಲ್ಲಿ ಒಣಗಿಸುತ್ತೇನೆ. ಕುಂಡ ಅಗಲ ಇರಲಿ, ಕೆಳಗೆ ನಾಲ್ಕೈದು ತೂತು ಬೇಕು. ಬರೀ ಕೆಂಪು ಮಣ್ಣು ಹಾಕಿದರೆ ಮಳೆಗೆ ಗಟ್ಟಿಯಾಗುತ್ತದೆ. ಅರ್ಧದಷ್ಟು ಗೊಬ್ಬರ, ಮರಳು ಸೇರಿಸಿ. ಎರಡಿಂಚು ಆಳದಲ್ಲಿ ಕಣ್ಣು ಮೇಲೆ ಮಾಡಿ ಇಟ್ಟು, ಮೇಲೆ ದಪ್ಪಗೆ ದರಗು (ಒಣಗಿದ ಎಲೆ) ಮುಚ್ಚಿ. ಜಡಿಮಳೆ ಬಂದಾಗ ಕುಂಡವನ್ನು ಎರಡು ಇಟ್ಟಿಗೆ ಮೇಲೆ ಎತ್ತಿಡುತ್ತೇನೆ. ನನ್ನ ಶುಂಠಿ ಉಳಿದಿದ್ದು ಆ ಎರಡು ಇಟ್ಟಿಗೆಯಿಂದಲೇ ಅಂತ ನಂಬಿದ್ದೇನೆ. ಆರು ತಿಂಗಳ ಮೇಲೆ ಬದಿಯ ಮಣ್ಣು ಸರಿಸಿ ತಂಬುಳಿಗೆ ಬೇಕಾದಷ್ಟು ಹಸಿ ಶುಂಠಿ ಮುರಿದುಕೊಳ್ಳಬಹುದು. ಪೂರ್ತಿ ಕೀಳುವುದು ಡಿಸೆಂಬರ್, ಜನವರಿಯಲ್ಲಿ, ಎಲೆ ಒಣಗಿದ ಮೇಲೆ.

ಸೀಮೆಬದನೆಯ ವಿಷಯ ಹೇಳದೆ ಇರಲು ಆಗುವುದಿಲ್ಲ. ಮರೆತು ಮೂಲೆಯಲ್ಲಿ ಉಳಿದ ಕಾಯಿ ತುದಿ ಬಾಯಿ ಬಿಟ್ಟು ಮೊಳಕೆ ಹೊರಗೆ ಬಂದಿರುವುದನ್ನು ನೀವೂ ನೋಡಿರುತ್ತೀರಿ. ಇದರೊಳಗೆ ಒಂದೇ ಬೀಜ. ಅದನ್ನು ಬಿಡಿಸಿ ತೆಗೆಯಬೇಡಿ, ಇಡೀ ಕಾಯಿಯನ್ನೇ ಅಡ್ಡ ಮಲಗಿಸಿ ಅರ್ಧ ಹೂಳಿ. ಮೊದಲ ದಿನಗಳಲ್ಲಿ ಸಸಿಗೆ ಆ ಕಾಯಿಯೇ ಊಟ. ಬಳ್ಳಿ ಮಾತ್ರ ತುಂಬಾ ಜಾಸ್ತಿ ಹಬ್ಬುತ್ತದೆ, ಬಾಲ್ಕನಿ ಸಾಲದು. ನಾನು ಮೊಳಕೆ ಬಂದ ಕಾಯಿಗಳನ್ನು ಊರಿಗೆ ಕಳಿಸುತ್ತೇನೆ.

ಪುದೀನ ಸುಲಭ. ಎಲೆ ಬಿಡಿಸಿದ ದಂಟನ್ನು ನೀರಲ್ಲಿಟ್ಟರೆ ಹತ್ತು ದಿನದೊಳಗೆ ಬೇರು, ಆಮೇಲೆ ಮಣ್ಣಿಗೆ. ಕೊತ್ತಂಬರಿಗೆ ಬುಡ ನೆಡುವ ಬದಲು ಡಬ್ಬಿಯ ಧನಿಯಾವನ್ನೇ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಿ. ಒಂದೊಂದು ಹೋಳಿನಲ್ಲೂ ಒಂದು ಬೀಜ ಇರುತ್ತದೆ.

ಲೋಟದ ನೀರಿನ ಬಗ್ಗೆ ಮಾತ್ರ ದಯವಿಟ್ಟು ಎಚ್ಚರ. ಡೆಂಗಿ ಹರಡುವ ಸೊಳ್ಳೆ ಇಂಥ ತಿಳಿ ನೀರಲ್ಲೇ ಮೊಟ್ಟೆ ಇಡುವುದು. ಒಂದು ವಾರ, ಹತ್ತು ದಿನದಲ್ಲಿ ಸೊಳ್ಳೆಯಾಗಿ ಹಾರುತ್ತದೆ. ಮೊಟ್ಟೆ ಲೋಟದ ಒಳಮೈಗೆ ಅಂಟಿರುತ್ತದೆ, ನೀರು ಚೆಲ್ಲಿದರೆ ಸಾಲದು. ಎರಡು ದಿನಕ್ಕೊಮ್ಮೆ ತಿಕ್ಕಿ ತೊಳೆಯಿರಿ. ಕುಂಡದ ಕೆಳಗಿನ ತಟ್ಟೆಯನ್ನೂ ಮರೆಯಬೇಡಿ.

ಶುಂಠಿಗೆ ಈ ವರ್ಷ ಹೊತ್ತು ಮೀರಿದೆ, ಬಸಳೆಗೆ ಮೀರಿಲ್ಲ. ನಾಳೆ ಸಂತೆಗೆ ಹೋದರೆ ಎಳೆ ಕಟ್ಟು ಬಿಟ್ಟು ದಪ್ಪ ದಂಟಿನ ಬಸಳೆ ಕೇಳಿ ತನ್ನಿ. ಎಲೆ ಬಾಡಿದ್ದರೂ ಪರವಾಗಿಲ್ಲ, ದಂಟು ಉಗುರಿನಿಂದ ಗೀರಿದರೆ ಹಸಿಯಾಗಿರಬೇಕು.