ನಾಲ್ಕು ಬದಿ ಅಳೆದರೂ ಜಾಗದ ವಿಸ್ತೀರ್ಣ ಏಕೆ ಸಿಗುವುದಿಲ್ಲ?

ಪ್ರಶ್ನೆ: ನಮ್ಮದು ಮೂಡಿಗೆರೆ ತಾಲ್ಲೂಕು. ಕಾಫಿ ತೋಟಕ್ಕೆ ಹೊಂದಿಕೊಂಡ ಒಂದು ತುಂಡು ಜಾಗದ ಬದಿಗಳು ಕ್ರಮವಾಗಿ 25, 39, 60 ಮತ್ತು 52 ಮೀಟರ್ ಇವೆ. ಎದುರುಬದಿರು ಬದಿಗಳನ್ನು ಕೂಡಿಸಿ, ಅರ್ಧ ಮಾಡಿ, ಗುಣಿಸುವ ನಮ್ಮೂರಿನ ಲೆಕ್ಕದಲ್ಲಿ 19 ಗುಂಟೆ ಬಂತು. ಭೂಮಾಪಕರು 25 ಮತ್ತು 39 ಮೀಟರಿನ ಬದಿಗಳು ಒಂದು ಪಕ್ಕಕ್ಕೆ ಬರುವಂತೆ ಮೂಲೆಯಿಂದ ಮೂಲೆಗೆ ಟೇಪು ಹಿಡಿದು, 40 ಮೀಟರ್ ಎಂದು ಬರೆದುಕೊಂಡು, ಹದಿನಾಲ್ಕೂಮುಕ್ಕಾಲು ಗುಂಟೆ ಎಂದರು. ಒಂಬತ್ತನೇ ತರಗತಿಯ ಮಗಳು ‘ಚತುರ್ಭುಜ ಎಂದರೆ ಎರಡು ತ್ರಿಭುಜ’ ಎನ್ನುತ್ತಾಳೆ. ಯಾರ ಲೆಕ್ಕ ಸರಿ?

ಉತ್ತರ: ಭೂಮಾಪಕರ ಲೆಕ್ಕ ಸರಿ, ಮತ್ತು ಅದರ ಕಾರಣ ನಿಮ್ಮ ಮಗಳ ಮಾತಿನಲ್ಲೇ ಇದೆ.

ನಾಲ್ಕು ಬಿದಿರು ಪಟ್ಟಿಗಳನ್ನು ಮೂಲೆಗಳಲ್ಲಿ ಒಂದೊಂದೇ ಮೊಳೆ ಹೊಡೆದು ಜೋಡಿಸಿ ಒತ್ತಿ ನೋಡಿ. ಒಂದು ಪಟ್ಟಿಯ ಉದ್ದವೂ ಬದಲಾಗದೆ ಇಡೀ ಚೌಕಟ್ಟು ವಾಲುತ್ತದೆ, ವಾಲಿದಷ್ಟೂ ಒಳಗಿನ ಜಾಗ ಬದಲಾಗುತ್ತದೆ. ಮೂರು ಪಟ್ಟಿಗಳನ್ನು ಹಾಗೆಯೇ ಜೋಡಿಸಿದರೆ ಅದು ಅಲುಗಾಡುವುದಿಲ್ಲ, ಏಕೆಂದರೆ ಮೂರು ಬದಿಗಳ ಉದ್ದ ನಿಗದಿಯಾದೊಡನೆ ತ್ರಿಭುಜದ ಕೋನಗಳೂ ವಿಸ್ತೀರ್ಣವೂ ನಿಗದಿಯಾಗಿಬಿಡುತ್ತವೆ. ಚತುರ್ಭುಜಕ್ಕೆ ಈ ಗಟ್ಟಿತನ ಬರುವುದು ಕರ್ಣವೂ, ಅಂದರೆ ಎದುರು ಮೂಲೆಗಳ ನಡುವಿನ ಅಳತೆಯೂ, ಗೊತ್ತಾದಾಗ ಮಾತ್ರ. ಚತುರ್ಭುಜದ ಕೋನಗಳ ಮೊತ್ತ 360 ಡಿಗ್ರಿ ಎಂಬ ಪಾಠವೂ 180 ಡಿಗ್ರಿಯ ಎರಡು ತ್ರಿಭುಜಗಳಿಂದಲೇ ಬಂದದ್ದು.

ನಿಮ್ಮ ಜಾಗವನ್ನೇ ನೋಡೋಣ. 40 ಮೀಟರಿನ ಕರ್ಣ ಅದನ್ನು 25, 39, 40 ಹಾಗೂ 60, 52, 40 ಬದಿಗಳ ಎರಡು ತ್ರಿಭುಜಗಳಾಗಿ ಒಡೆಯುತ್ತದೆ. ಮೊದಲನೆಯದರ ಅರ್ಧ ಸುತ್ತಳತೆ 52. ಮಗಳು ಕಲಿಯುವ ಹೆರಾನನ ಸೂತ್ರದಂತೆ, 52ರಿಂದ ಮೂರೂ ಬದಿಗಳನ್ನು ಬೇರೆಬೇರೆಯಾಗಿ ಕಳೆದು ಗುಣಿಸಿದರೆ, ಅಂದರೆ 52 × 27 × 13 × 12 ಮಾಡಿದರೆ, 2,19,024 ಬರುತ್ತದೆ. ಅದರ ವರ್ಗಮೂಲ 468 ಚದರ ಮೀಟರ್. ಎರಡನೆಯದು ಹೀಗೆಯೇ ಸುಮಾರು 1,025 ಆಗುತ್ತದೆ. ಒಟ್ಟು 1,493 ಚದರ ಮೀಟರ್, ಗುಂಟೆಗೆ 101.17ರಂತೆ ಭಾಗಿಸಿದರೆ ಹದಿನಾಲ್ಕೂಮುಕ್ಕಾಲು. ಬದಿಗಳು ಅವೇ ಇದ್ದು ಕರ್ಣ 56 ಮೀಟರ್ ಆಗಿದ್ದಿದ್ದರೆ ಎರಡು ತ್ರಿಭುಜಗಳು 420 ಮತ್ತು 1,344, ಒಟ್ಟು 1,764 ಚದರ ಮೀಟರ್ ಆಗುತ್ತಿದ್ದವು. ಬೇಲಿಯ ಉದ್ದದಲ್ಲಿ ಒಂದಂಗುಲ ವ್ಯತ್ಯಾಸವಿಲ್ಲದೆ ಎರಡೂವರೆ ಗುಂಟೆಗಿಂತ ಹೆಚ್ಚು ಅಂತರ!

ಈ 1,764 ಎಂಬುದೇ ಈ ನಾಲ್ಕು ಬದಿಗಳಿಂದ ಸಿಗಬಹುದಾದ ಗರಿಷ್ಠ ವಿಸ್ತೀರ್ಣ. ನಾಲ್ಕೂ ಮೂಲೆಗಳು ಒಂದೇ ವೃತ್ತದ ಮೇಲೆ ಕುಳಿತಾಗ ಅದು ಬರುತ್ತದೆ, ಮತ್ತು ಗಣಿತಜ್ಞ ಬ್ರಹ್ಮಗುಪ್ತರು 628ರಲ್ಲಿ ಕೊಟ್ಟ, ನಾಲ್ಕು ಬದಿಗಳಿಂದಲೇ ವಿಸ್ತೀರ್ಣ ಹೇಳುವ ಚತುರ್ಭುಜ ಸೂತ್ರ ನಿಖರವಾಗುವುದು ಅಂಥ ಆಕೃತಿಗೆ ಮಾತ್ರ. ಆದ್ದರಿಂದ ಊರ ಲೆಕ್ಕದ 1,934 ಚದರ ಮೀಟರ್ ನಿಮ್ಮ ಜಾಗ ಯಾವ ಆಕಾರದಲ್ಲಿದ್ದರೂ ಸಾಧ್ಯವಿಲ್ಲ. ಆ ರೀತಿ ಆಯತ ಮತ್ತು ವರ್ಗಕ್ಕೆ ಮಾತ್ರ ಸರಿ. ಉಳಿದೆಲ್ಲ ಕಡೆ ಅದು ಹೆಚ್ಚನ್ನೇ ತೋರಿಸುತ್ತದೆ, ಕೊಳ್ಳುವವರಿಗೆ ನಷ್ಟ ಮಾಡುತ್ತದೆ. ಹಾಗೆಂದು ಅದನ್ನು ಅಜ್ಞಾನವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ನಮ್ಮ ಗಣಿತಜ್ಞ ಮಹಾವೀರಾಚಾರ್ಯರು ಇದನ್ನು ವ್ಯವಹಾರದ ಸ್ಥೂಲ ಲೆಕ್ಕವೆಂದು ಹೇಳಿ, ಸೂಕ್ಷ್ಮ ಲೆಕ್ಕವನ್ನು ಬೇರೆಯಾಗಿಯೇ ಕೊಟ್ಟಿದ್ದರು. ಕರ್ಣವನ್ನಾಗಲಿ ಲಂಬವನ್ನಾಗಲಿ ಹೇಳದೆ ಚತುರ್ಭುಜದ ವಿಸ್ತೀರ್ಣ ಕೇಳುವವರನ್ನೂ ಹೇಳುವವರನ್ನೂ ಭಾಸ್ಕರಾಚಾರ್ಯರು 1150ರ ಲೀಲಾವತಿಯಲ್ಲಿ ಕಟುವಾಗಿಯೇ ಟೀಕಿಸಿದ್ದಾರೆ.

ಅಳೆಯುವಾಗ ಎರಡು ಎಚ್ಚರ ಬೇಕು. ಒಂದು ಮೂಲೆ ಒಳಕ್ಕೆ ಬಾಗಿದ್ದರೆ ಜಾಗದ ಒಳಗೇ ಹಾದುಹೋಗುವ ಕರ್ಣವನ್ನು ಆರಿಸಿಕೊಳ್ಳಬೇಕು. ನಿಮ್ಮ ಕಡೆಯ ಇಳಿಜಾರಿನಲ್ಲಿ ಟೇಪನ್ನು ನೆಲದ ಓರೆಗೆ ಹಾಸದೆ ಮಟ್ಟವಾಗಿ ಹಿಡಿದು ಹಂತಹಂತವಾಗಿ ಅಳೆಯಬೇಕು, ಏಕೆಂದರೆ ಜಮೀನಿನ ವಿಸ್ತೀರ್ಣವನ್ನು ಸಮತಲದಲ್ಲೇ ಲೆಕ್ಕ ಹಾಕುತ್ತಾರೆ. ಇನ್ನೂ ಅನುಮಾನ ಉಳಿದಿದ್ದರೆ ಮಗಳನ್ನು ಕರೆದುಕೊಂಡು ಹೋಗಿ ಇನ್ನೊಂದು ಕರ್ಣವನ್ನೂ ಅಳೆಯಿರಿ: ಮೊದಲ ಐದು ಅಳತೆಗಳು ಸರಿಯಿದ್ದರೆ ಅದು 74.65 ಮೀಟರಿನ ಆಸುಪಾಸಿನಲ್ಲಿ ಬರಲೇಬೇಕು.