ರೊಟ್ಟಿ-ಪಲ್ಯ ಉಂಡರೂ ರಕ್ತ ಕಡಿಮೆ ಯಾಕೆ?

ಪ್ರಶ್ನೆ: ಮಗಳಿಗೆ 15 ವರ್ಷ. ಹಿಮೋಗ್ಲೋಬಿನ್ 9.5 ಬಂದಿದೆ. ದಿನಾ ಜೋಳದ ರೊಟ್ಟಿ, ಕಾಳುಪಲ್ಯ ಉಣ್ಣುತ್ತಾಳೆ. ಉಂಡ ಕೂಡಲೇ ಚಹಾ ಬೇಕೇ ಬೇಕು. ಊಟದಲ್ಲಿ ಏನು ಕೊರತೆ?
– ಓದುಗರೊಬ್ಬರು, ಗದಗ

ಉತ್ತರ: ಊಟಕ್ಕಿಂತ ಆ ಚಹಾದ ಮೇಲೆಯೇ ನಮಗೆ ಅನುಮಾನ. ಜೋಳ, ಕಾಳಿನಲ್ಲಿ ಹಿಮೋಗ್ಲೋಬಿನ್‌ಗೆ ಬೇಕಾದ ಕಬ್ಬಿಣಾಂಶ ಇದೆ. ಆದರೆ ಅವುಗಳಲ್ಲೇ ಇರುವ ಫೈಟೇಟ್ ಎಂಬ ಅಂಶ ಅದನ್ನು ಹಿಡಿದಿಡುತ್ತದೆ. ಮೇಲೆ ಚಹಾದ ಟ್ಯಾನಿನ್ ಎಂಬ ಒಗರು ಅಂಶ ಸೇರಿದರೆ ಮೈಗೆ ಹತ್ತುವುದು ಬಹಳ ಕಡಿಮೆ. ಊಟಕ್ಕೂ ಚಹಾಕ್ಕೂ ಕನಿಷ್ಠ ಒಂದು ತಾಸು ಅಂತರ ಇರಲಿ. ಮಡಕಿ ಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಮೊಳಕೆ ಒಡೆದರೆ ಫೈಟೇಟ್ ಇಳಿಯುತ್ತದೆ. ಪಲ್ಯವನ್ನು ತಾಟಿಗೆ ಬಡಿಸಿದ ಮೇಲೆ ಅರ್ಧ ಲಿಂಬೆಹಣ್ಣು ಹಿಂಡಿ. ಕುದಿಯುವಾಗಲೇ ಹಿಂಡಿದರೆ ಸಿ ವಿಟಮಿನ್ ಬಹಳಷ್ಟು ಹಾಳಾಗುತ್ತದೆ, ಕಬ್ಬಿಣ ಹೀರಲು ನೆರವಾಗುವುದೇ ಅದು.

ಆದರೆ ಈ ವಯಸ್ಸಿಗೆ ಕನಿಷ್ಠ 12 ಇರಬೇಕು. 9.5 ಅನ್ನು ಬರೀ ಊಟದಿಂದ ಏರಿಸುತ್ತೇವೆಂದು ಕೂಡಬೇಡಿ, ವೈದ್ಯರಿಗೆ ತೋರಿಸಿ. ಮುಟ್ಟಿನ ಸ್ರಾವ ಹೆಚ್ಚಿದೆಯೇ, ಜಂತುಹುಳು ಇದೆಯೇ ಎಂದೂ ಕೇಳಿ. ವೈದ್ಯರು ಕಬ್ಬಿಣದ ಗುಳಿಗೆ ಬರೆದುಕೊಟ್ಟರೆ ಅದನ್ನು ಹಾಲು, ಚಹಾದ ಜೊತೆ ಕೊಡಬೇಡಿ. ಮಲ ಕಪ್ಪಗಾದರೆ ಹೆದರಿ ನಿಲ್ಲಿಸಬೇಡಿ, ಅದು ಗುಳಿಗೆಯದೇ ಬಣ್ಣ.